ಸೀಳಿದ ಮೊಳೆ, ಕೊಯ್ದ ಮೊಳೆ

ಮೊದಲನೇ ಮೊಳೆ ಐದನೇ ಏಟಿಗೆ ತೂತಿನೊಳಗೇ ಮುರಿಯಿತು. ಎರಡನೆಯದು ಸರಿಯಾಗಿ ಕೂತಿತು. ಮೂರನೆಯದು ಮತ್ತೆ ಮುರಿಯಿತು. 6 ಇಂಚು ದಪ್ಪದ ತೇಗದ ಕಂಬದೊಳಗೆ ಮುರಿದು ಸಿಕ್ಕಿಕೊಂಡ ಮರದ ಮೊಳೆ ತೆಗೆಯೋದು ಎಂಥ ಕೆಲಸ ಅಂತ ಆವತ್ತು ಗೊತ್ತಾಯಿತು. ತೂತು ಕೊರೆಯುವ ಬೈರಿಗೆ ಹಾಕಿ, ಚೂರು ಚೂರಾಗಿ ಕೆದಕಿ ಹೊರಗೆ ತೆಗೆಯುವಷ್ಟರಲ್ಲಿ ಸಂಜೆಯಾಗಿತ್ತು.

ಸಾಗರದ ಹತ್ತಿರದ ಹಳೇ ಮನೆ ಅದು. ಹೆಂಚು ಒಡೆದು, ಮಳೆನೀರು ಇಳಿದೂ ಇಳಿದೂ ಜಗಲಿಯ ಒಂದು ತೊಲೆ ಕೊಳೆತು ಲಡ್ಡು ಹಿಡಿದಿತ್ತು. ಅದರ ಪಕ್ಕದ ಎರಡು ತೊಲೆಗಳ ಸಂದೂ ಸಡಿಲವಾಗಿತ್ತು. ಕೆಲಸ ಒಪ್ಪಿಕೊಳ್ಳುವಾಗಲೇ ಆ ಮನೆಯ ಹಿರಿಯಮ್ಮ ಒಂದು ಮಾತು ಹೇಳಿದ್ದರು. "ಆಚಾರ್ರೇ, ಈ ಜಗಲಿಗೆ ಒಂದೇ ಒಂದು ಕಬ್ಬಿಣದ ಮೊಳೆ ಹೊಡೆದಿಲ್ಲ. ನೀವೂ ಹೊಡೀಬೇಡಿ." "ಆಯ್ತಮ್ಮ" ಅಂದಿದ್ದೆ. ಅವರು ಹೇಳಿದ್ದು ಬರೀ ಹಟ ಅಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತೆ, ಸುತ್ತಲಿನ ಮರಕ್ಕೆ ಕಪ್ಪು ಕಲೆ ಇಳಿಯುತ್ತೆ, ಆಮೇಲೆ ಆ ಜಾಗದಿಂದಲೇ ಮರ ಹಾಳಾಗುತ್ತಾ ಬರುತ್ತೆ.

ಮುರಿದ ಮೊಳೆಯ ಎರಡು ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದೆ. ಅದು ಅಡ್ಡಕ್ಕೆ ಮುರಿದಿರಲಿಲ್ಲ. ಓರೆಯಾಗಿ, ಕೊಳಲಿನ ಬಾಯಿ ಕತ್ತರಿಸಿದ ಹಾಗೆ ಜಾರಿಕೊಂಡು ಹೋಗಿತ್ತು. ಮರದ ಎಳೆ ಎಲ್ಲಿ ಮೊಳೆಯ ಪಕ್ಕದಿಂದ ಹೊರಗೆ ಹೋಗಿತ್ತೋ ಸರಿಯಾಗಿ ಅಲ್ಲಿ. ತಪ್ಪು ನನ್ನದೇ. ಅಂಗಡಿಯ ಮೆಷಿನ್ ಗರಗಸದಲ್ಲಿ ತೇಗದ ತುಂಡು ಕೊಯ್ದು ಅರ್ಧ ಗಂಟೆಯಲ್ಲಿ 20 ಮೊಳೆ ಮಾಡಿದ್ದೆ. ಗರಗಸ ನಾವು ಎಳೆದ ಗೆರೆಯ ಮೇಲೆ ಹೋಗುತ್ತೆ, ಮರದ ಎಳೆ ಎತ್ತ ಹೋಗಿದೆ ಅಂತ ಅದಕ್ಕೇನು ಗೊತ್ತು? ಕತ್ತಿಯಿಂದ ಸೀಳಿದರೆ ಮರ ತನ್ನ ಎಳೆಯ ಗುಂಟವೇ ಬಿಡುತ್ತೆ. ಆಗ ಎಳೆ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತುಂಡಾಗದೆ ಇರುತ್ತೆ. ಅಂಗಡಿಯಲ್ಲಿ ಸಿಗುವ ಮೆಷಿನ್ನಿನ ದುಂಡು ಕಡ್ಡಿಗೂ ಇದೇ ತೊಂದರೆ. ಕುರ್ಚಿ, ಸ್ಟೂಲಿಗೆ ಪರವಾಗಿಲ್ಲ. ತೊಲೆಗೆ ಬೇಡ.

ಮಾರನೇ ದಿನ ಹೊಸದಾಗಿ ಶುರು ಮಾಡಿದೆ. ಹಳೇ ತೊಲೆಯಲ್ಲಿ ಲಡ್ಡು ಹಿಡಿಯದ ಕಡೆಯಿಂದ 9 ಇಂಚು ಉದ್ದದ ತುಂಡು ತೆಗೆದೆ. ಗಂಟಿಲ್ಲದ, ಎಳೆ ನೇರವಾಗಿರೋ ಜಾಗವನ್ನೇ ಹುಡುಕಬೇಕು. ಗಟ್ಟಿ ಮರವೆಲ್ಲ ಮೊಳೆಗೆ ಆಗಲ್ಲ. ಹುಣಸೆ ಎಷ್ಟು ಗಟ್ಟಿ ಅಲ್ವಾ, ಆದರೆ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತೆ, ಸೀಳಿದರೆ ನೇರ ಬರಲ್ಲ. ಕೊಡತಿ, ಅಂದರೆ ಮರದ ಸುತ್ತಿಗೆ, ಮಾಡೋಕೆ ಅದು ಚೆನ್ನ. ಮೊಳೆಗೆ ಚೆನ್ನಾಗಿ ಒಣಗಿದ ತೇಗ ಸಾಕು.

ತುಂಡನ್ನು ನಿಲ್ಲಿಸಿ, ತಲೆಯ ಮೇಲೆ ಕತ್ತಿ ಇಟ್ಟು, ಕತ್ತಿಯ ಬೆನ್ನಿಗೆ ಕೊಡತಿಯಿಂದ ಹೊಡೆಯಬೇಕು. ಯಾವಾಗಲೂ ಸರಿ ಅರ್ಧಕ್ಕೆ ಸೀಳಿ. ಒಂದು ಕಡೆ ದಪ್ಪ, ಒಂದು ಕಡೆ ಸಪೂರ ಆದರೆ ಸೀಳು ಸಪೂರದ ಕಡೆಗೆ ಜಾರುತ್ತೆ. ಅರ್ಧ, ಅದರ ಅರ್ಧ, ಮತ್ತೆ ಅದರ ಅರ್ಧ. ಹೀಗೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಚೌಕ ಕಡ್ಡಿಗಳಾದವು. ತಿರುಚಿಕೊಂಡದ್ದನ್ನು ಒಲೆಗೆ ಹಾಕಿದೆ. ಹತ್ತರಲ್ಲಿ ಮೂರು ಹೀಗೆ ಹೋಗುತ್ತೆ, ಅದಕ್ಕೆ ಬೇಸರ ಬೇಡ.

ಆ ಕಡ್ಡಿಗಳನ್ನು ಹಿರಿಯಮ್ಮನವರ ಒಲೆಯ ಮೇಲಿನ ಅಟ್ಟದಲ್ಲಿ ಮೂರು ವಾರ ಇಟ್ಟೆ. ಹಳೇ ಮರವೇ ಆದರೂ ನೀರು ಕುಡಿದ ತೊಲೆಯದು. ಮೊಳೆ ಕಂಬಕ್ಕಿಂತ ಒಣಗಿರಬೇಕು. ಒಣಗಿದ ಮೊಳೆ ಒಳಗೆ ಕೂತ ಮೇಲೆ ಮಳೆಗಾಲದ ತೇವಕ್ಕೆ ಉಬ್ಬಿ ಬಿಗಿಯಾಗುತ್ತೆ. ಹಸಿ ಮೊಳೆ ಹೊಡೆದರೆ ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುತ್ತೆ.

ಕೆತ್ತುವ ಕೆಲಸ ನನಗೆ ತುಂಬ ಇಷ್ಟ. ಒಂದು ಹಲಗೆಯಲ್ಲಿ ಉದ್ದಕ್ಕೆ 'V' ಆಕಾರದ ಕಾಲುವೆ ಕೊರೆದುಕೊಂಡರೆ ಕಡ್ಡಿ ಅದರಲ್ಲಿ ಅಲ್ಲಾಡದೆ ಮಲಗುತ್ತೆ. ಮೊದಲು ಬಾಚಿಯಿಂದ ಚೌಕ ಸರಿ ಮಾಡಿ, ಆಮೇಲೆ ಅಗಲ ಉಳಿಯಿಂದ ನಾಲ್ಕು ಮೂಲೆ ತೆಗೆಯೋದು. ಎಂಟು ಮುಖ ಬರುತ್ತೆ. ಅಲ್ಲಿಗೇ ನಿಲ್ಲಿಸಬೇಕು, ದುಂಡು ಮಾಡಬಾರದು. ನನ್ನ ತೂತು 16 ಮಿಲಿಮೀಟರ್. ಮೊಳೆ ಎದುರುಬದುರು ಮುಖದಿಂದ ಮುಖಕ್ಕೆ ಹದಿನೈದೂವರೆ. ಆಗ ಮೂಲೆಯಿಂದ ಮೂಲೆಗೆ 17ರ ಹತ್ತಿರ ಬರುತ್ತೆ. ಆ ಎಂಟು ಮೂಲೆಗಳು ತೂತಿನ ಗೋಡೆಯನ್ನು ಕಚ್ಚಿ ಹಿಡಿಯುತ್ತವೆ. ಮುಂದಿನ ಮೂರನೇ ಒಂದು ಭಾಗವನ್ನು ಪೆನ್ಸಿಲಿನ ಹಾಗೆ ಸಪೂರ ಮಾಡಿದೆ. ಸರಿಯಾಗಿ ಸೀಳಿದ ಕಡ್ಡಿಯಿಂದ ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಏಳುತ್ತೆ. ಮಧ್ಯದಲ್ಲಿ ಚೂರಾಗಿ ಸಿಡಿದರೆ ಅಲ್ಲಿ ಎಳೆ ತಪ್ಪಿದೆ ಅಂತಲೇ ಅರ್ಥ. ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತೆ. ಒಂದು ಮೊಳೆಗೆ 10 ನಿಮಿಷ ಬೇಕಾಯಿತು.

ಇನ್ನು ತೂತಿನ ವಿಷಯ. ಕಂಬದೊಳಗೆ ಸೇರುವ ಹಾಗೆ ತೊಲೆಯ ತುದಿಯಲ್ಲಿ ಕೆತ್ತಿದ ಸಪೂರ ಭಾಗಕ್ಕೆ ನಾಲಿಗೆ ಅಂತೀವಿ. ಕಂಬದ ತೂತು, ತೊಲೆಯ ನಾಲಿಗೆಯ ತೂತು ಎರಡೂ ಒಂದೇ ನೇರಕ್ಕೆ ಇರಬಾರದು. ಮೊದಲು ಕಂಬಕ್ಕೆ ಮಾತ್ರ ತೂತು ಹಾಕಿ. ನಾಲಿಗೆ ಒಳಗೆ ಸೇರಿಸಿ, ಬೈರಿಗೆಯ ತುದಿಯಿಂದ ಅದರ ಮೇಲೆ ಗುರುತು ಒತ್ತಿ. ನಾಲಿಗೆ ಹೊರಗೆ ತೆಗೆದು, ಆ ಗುರುತಿನಿಂದ 2 ಮಿಲಿಮೀಟರ್ ನಾಲಿಗೆಯ ಬುಡದ ಕಡೆಗೆ ಸರಿದು ಕೊರೆಯಿರಿ. ತುದಿಯ ಕಡೆಗೆ ಸರಿದರೆ ಮೊಳೆ ತೊಲೆಯನ್ನು ಹೊರಗೆ ದಬ್ಬುತ್ತೆ! ಸರಿಯಾಗಿದ್ದರೆ ಮೊಳೆ ಆ ಎರಡು ತೂತಿನ ನಡುವೆ ಸ್ವಲ್ಪ ಬಾಗಿ ದಾರಿ ಮಾಡಿಕೊಳ್ಳುತ್ತಾ ತೊಲೆಯನ್ನು ಕಂಬಕ್ಕೆ ಎಳೆದು ಕೂರಿಸುತ್ತೆ. ಮೊಳೆ ಬಾಗಲೇಬೇಕು. ನನ್ನ ಕೊಯ್ದ ಮೊಳೆ ಮುರಿದದ್ದು ಇದೇ ಜಾಗದಲ್ಲಿ.

ಸೀಳಿದ ಮೊಳೆಗೆ ಸ್ವಲ್ಪ ಜೇನುಮೇಣ ಸವರಿ ಹೊಡೆದೆ. ಮೊದಮೊದಲು ಟಕ್ ಟಕ್ ಅಂತ ಟೊಳ್ಳು ಸದ್ದು. ನಾಲಿಗೆ ದಾಟುವಾಗ ಸದ್ದು ಬಿಗಿಯಾಯಿತು. ತೊಲೆ ಕಂಬ ಸೇರುವಲ್ಲಿ ಮದುವೆ ಕಾಗದ ತೂರುವಷ್ಟು ಸಂದಿತ್ತು. ಕಣ್ಣೆದುರೇ ಮುಚ್ಚಿಕೊಂಡಿತು. ಮೂರು ತೊಲೆಗೆ ಆರು ಸಂದು, ಸಂದಿಗೆ ಎರಡರಂತೆ 12 ಮೊಳೆ. ಒಂದೂ ಮುರಿಯಲಿಲ್ಲ.

ಅದೇ ಮನೆಯ ಕಿಟಕಿ ಬಾಗಿಲಿಗೆ ಬಿದಿರಿನ ಮೊಳೆ ಹಾಕಿದೆ. ಬೆರಳಿಗಿಂತ ಸಪೂರದ ಮೊಳೆಗೆ ಬಿದಿರಿಗಿಂತ ಒಳ್ಳೆಯದು ಇಲ್ಲ. ಬಲಿತ ಬಿದಿರಿನ ಹೊರಮೈ ಕಡೆಯದನ್ನೇ ಉಳಿಸಿಕೊಂಡು, ಒಳಗಿನ ಮೆತ್ತನೆ ಭಾಗ ಹೆರೆದು ಬಿಸಾಡಬೇಕು. ಮೊದಲು ಕೆಲವು ವಾರ ನೀರಲ್ಲಿ ಮುಳುಗಿಸಿಟ್ಟು ಒಣಗಿಸಿದರೆ ಕುಟ್ಟೆ ಹುಳು ಹತ್ತುವುದು ಕಡಿಮೆ.

ಮೊಳೆಯ ಸಪೂರ ತುದಿಯನ್ನು ಕಂಬದಿಂದ ಒಂದು ಇಂಚು ಹೊರಗೆ ಬಿಟ್ಟಿದ್ದೇನೆ. ಅದನ್ನು ಕತ್ತರಿಸಿ ನುಣ್ಣಗೆ ಮಾಡಿದರೆ ನೋಡೋಕೆ ಚಂದ, ನಿಜ. ಆದರೆ ಮುಂದೆ ಯಾರಾದರೂ ಬಿಚ್ಚಬೇಕಾದರೆ ಆ ತುದಿಗೆ ಹೊಡೆದರೆ ಮೊಳೆ ಬಂದ ದಾರಿಯಲ್ಲೇ ಹೊರಗೆ ಬರುತ್ತೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಇದು ಅರ್ಥವಾಗುತ್ತೆ. ಕುಕನೂರಿನ ಕಮಲ ಮಹಲ್ ಅಂಥ ಕಟ್ಟಡಗಳನ್ನು ಮೂಲ ಜಾಗದಲ್ಲಿ ಬಿಚ್ಚಿ, ತಂದು, ಅಲ್ಲಿ ಮತ್ತೆ ಜೋಡಿಸಿದ್ದಾರೆ. ಎಲ್ಲ ಸಂದಿಗೂ ಅಂಟು ಹಾಕಿ ಕಬ್ಬಿಣ ಹೊಡೆದ ಮನೆಯನ್ನು ಹಾಗೆ ಬಿಚ್ಚೋಕೆ ಆಗುತ್ತಾ?

ಒಂದು ಮಳೆಗಾಲ ಕಳೆದ ಮೇಲೆ ಹೋಗಿ ಹನ್ನೆರಡೂ ಮೊಳೆಗೆ ಕೊಡತಿಯಿಂದ ಒಂದೊಂದು ಏಟು ಹಾಕಿ ನೋಡಿದೆ. ಹನ್ನೊಂದು ಅಲ್ಲಾಡಲಿಲ್ಲ. ಮೂಲೆಯ ಕಂಬದ್ದು ಒಂದು ಕಾಳಿನಷ್ಟು ಒಳಗೆ ಹೋಗಿ ಬಿಗಿಯಾಯಿತು. ಕೆತ್ತಿ ಉಳಿದಿದ್ದ ಐದು ಮೊಳೆಯನ್ನು ದಾರದಲ್ಲಿ ಕಟ್ಟಿ ಹಿರಿಯಮ್ಮನವರಿಗೆ ಕೊಟ್ಟೆ. ಅವರು ಅದನ್ನು ಒಲೆಯ ಮೇಲಿನ ಅಟ್ಟದಲ್ಲೇ ಇಟ್ಟುಕೊಂಡಿದ್ದಾರೆ.