ಭಾನುವಾರ ನಡೆದೆವು, ಬುಧವಾರ ಆಡಿದೆ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಹಳೆಯ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಒಮ್ಮೆ ಆಡಬೇಕು ಅನ್ನೋದು ನನ್ನ ಬಹಳ ವರ್ಷದ ಆಸೆ. ಆದರೆ 2024ರ ಜೂನ್‌ನಲ್ಲಿ ಸ್ಕಾಟ್ಲೆಂಡಿಗೆ ಹೋಗಿದ್ದು ಮನೆಮಂದಿಯೆಲ್ಲ ಸೇರಿ, ಪ್ರವಾಸಕ್ಕೆ. ಹೆಂಡತಿ, 10 ವರ್ಷದ ಮಗಳು, 70 ದಾಟಿದ ಅಮ್ಮ. ಮೂವರೂ ಗಾಲ್ಫ್ ಆಡುವವರಲ್ಲ. ನಾನು ಅರ್ಧ ದಿನ ಆಟಕ್ಕೆ ಹೋದರೆ ಇವರು ಎಲ್ಲಿ ಕೂರಬೇಕು ಅನ್ನೋದೇ ನನ್ನ ಚಿಂತೆಯಾಗಿತ್ತು.

ಎಡಿನ್‌ಬರೋದಿಂದ ಲೂಕರ್ಸ್ ತನಕ ರೈಲು, ಅಲ್ಲಿಂದ ಬಸ್. ಶನಿವಾರ ಸಂಜೆ ಊರು ಸೇರಿದೆವು. ಮರುದಿನ ಭಾನುವಾರ. ಅವತ್ತು ಓಲ್ಡ್ ಕೋರ್ಸ್‌ನಲ್ಲಿ ಆಟ ಇರುವುದಿಲ್ಲ. ಹುಲ್ಲಿಗೆ ವಿಶ್ರಾಂತಿ, ಊರಿನವರಿಗೆ ವಾಯುವಿಹಾರ. ನಾಯಿ ಹಿಡಿದುಕೊಂಡವರು, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡವರು ಫೇರ್‌ವೇ ಅನ್ನುವ ಆಟದ ಹುಲ್ಲುಹಾದಿಯ ಮೇಲೇ ಆರಾಮಾಗಿ ನಡೆಯುತ್ತಿದ್ದರು. ಅಮ್ಮ ಅಂಚಿನಲ್ಲೇ ನಿಂತು, "ನಾವೂ ಹೋಗಬಹುದೇನೋ? ಯಾರೂ ಏನೂ ಅನ್ನಲ್ವಾ?" ಅಂದರು.

ಯಾರೂ ಏನೂ ಅನ್ನುವುದಿಲ್ಲ. ಈ ನೆಲ ಯಾವ ಕ್ಲಬ್ಬಿನ ಆಸ್ತಿಯೂ ಅಲ್ಲ. ಇಲ್ಲಿ ಆಡುವ ಹಕ್ಕು ಊರಿನ ಜನರದ್ದು ಎಂದು 1552ರಲ್ಲೇ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಬರೆದುಕೊಟ್ಟಿದ್ದರು. ನಡುವೆ ಒಂದು ಕಾಲದಲ್ಲಿ ನೆಲ ಮೊಲ ಸಾಕುವವರ ಕೈಗೆ ಹೋಗಿ, ಆಟಗಾರರಿಗೂ ಅವರಿಗೂ ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ 1894ರಲ್ಲಿ ಕಾನೂನು ಮಾಡಿಸಿ ಪುರಸಭೆಯೇ ಜಾಗ ಕೊಂಡಿತು. ನನಗೆ ಈ ಕೋರ್ಸ್ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕೇ. ಚಾಂಪಿಯನ್ನರು ಆಡುವ ಹುಲ್ಲಿನ ಮೇಲೆ ಭಾನುವಾರ ಯಾರದೋ ಮನೆ ಮಗು ಅಂಬೆಗಾಲಿಡುತ್ತದೆ.

ಬಂಕರ್‌ಗಳನ್ನು, ಅಂದರೆ ಚೆಂಡು ಸಿಕ್ಕಿಬೀಳುವ ಮರಳಿನ ಗುಂಡಿಗಳನ್ನು, ಅಮ್ಮ ಬಗ್ಗಿ ಬಗ್ಗಿ ನೋಡಿದರು. ಗಾಳಿ ತಪ್ಪಿಸಿಕೊಳ್ಳಲು ಕುರಿಗಳು ಒತ್ತರಿಸಿ ಕೂತು ಕೂತು ಆದ ಗುಂಡಿಗಳಿಂದಲೇ ಇವು ಹುಟ್ಟಿದವು ಅನ್ನುವ ಮಾತಿದೆ ಎಂದೆ. "ಹೌದು ಮತ್ತೆ, ಇಂಥಾ ಗಾಳಿಗೆ ಅವಾದ್ರೂ ಏನು ಮಾಡ್ತಾವೆ" ಅಂತ ಸೆರಗು ಬಿಗಿ ಮಾಡಿಕೊಂಡರು. ಮಗಳು ನಕ್ಷೆ ಹಿಡಿದು ಇನ್ನೊಂದು ಕಂಡುಹಿಡಿದಳು. ಇಲ್ಲಿ ಏಳು ದೊಡ್ಡ ಗ್ರೀನ್‌ಗಳಿವೆ (ಚೆಂಡು ಬೀಳಿಸುವ ಕುಳಿ ಇರುವ ನುಣುಪು ಹುಲ್ಲಿನ ಜಾಗ), ಒಂದೊಂದನ್ನೂ ಎರಡು ಹೋಲ್‌ಗಳು, ಅಂದರೆ ಆಟದ ಎರಡು ಹಂತಗಳು, ಹಂಚಿಕೊಂಡಿವೆ. 2 ಮತ್ತು 16, 3 ಮತ್ತು 15, ಹೀಗೆ. ಯಾವ ಜೋಡಿ ಕೂಡಿಸಿದರೂ 18 ಬರುತ್ತದೆ! ಇದನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಅವಳ ಬಾಯಲ್ಲಿ ಕೇಳಿದ್ದು ನನಗೆ ಜಾಸ್ತಿ ಖುಷಿ ಕೊಟ್ಟಿತು. ಕೋರ್ಸ್ 18 ಹೋಲ್‌ಗೆ ಇಳಿದಿದ್ದು 1764ರಲ್ಲಿ, ಅದಕ್ಕೂ ಮೊದಲು 22 ಇತ್ತು.

ಇನ್ನು ಆಡಲು ಅವಕಾಶ ಸಿಕ್ಕಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಜೊತೆಗಾರರಿದ್ದರೆ ಎರಡು ದಿನ ಮೊದಲೇ ಬ್ಯಾಲಟ್‌ಗೆ, ಅಂದರೆ ಚೀಟಿ ಎತ್ತುವಂಥ ಡ್ರಾಗೆ, ಹೆಸರು ಕೊಡಬಹುದು. ಒಬ್ಬರೇ ಇದ್ದರೆ ಆ ದಾರಿ ಇಲ್ಲ. ಮೊದಲೆಲ್ಲ ಒಂಟಿ ಆಟಗಾರರು ರಾತ್ರಿಯಿಡೀ ಸಾಲು ನಿಲ್ಲುತ್ತಿದ್ದರು. 2024ರಿಂದ ಅದು ಹೋಗಿ, ಒಂಟಿಯವರಿಗೇ ಬೇರೆ ಡ್ರಾ ಬಂದಿದೆ. ಹಿಂದಿನ ದಿನ ಸಂಜೆ 5ರೊಳಗೆ ಖುದ್ದಾಗಿ ಹೋಗಿ ಹೆಸರು ಕೊಡಬೇಕು. ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಇಟ್ಟುಕೊಂಡಿರಲೇಬೇಕು. ಹೆಂಡತಿ, ಮಗು ಜೊತೆಗಿರುವವನಿಗೆ ಇದು ದೊಡ್ಡ ಉಪಕಾರ. ಅವರನ್ನು ರೂಮಿನಲ್ಲಿ ಬಿಟ್ಟು ಚಳಿಯಲ್ಲಿ ರಾತ್ರಿ ಕಾಯಲು ನನಗಂತೂ ಮನಸ್ಸಾಗುತ್ತಿರಲಿಲ್ಲ.

ಸೋಮವಾರ ಹೆಸರು ಕೊಟ್ಟೆ, ಬರಲಿಲ್ಲ. ಮಂಗಳವಾರ ಮತ್ತೆ ಕೊಟ್ಟೆ. ಸಂಜೆ ಮೊಬೈಲಿಗೆ ಸಂದೇಶ ಬಂತು, ಬುಧವಾರ ಮಧ್ಯಾಹ್ನದ ಆಟಕ್ಕೆ ಮೂವರ ಗುಂಪಿನ ಜೊತೆ ನನ್ನ ಹೆಸರು. ಹೆಂಡತಿ "ಸಿಕ್ತಾ ರೀ?" ಅಂತ ಕೂಗಿಯೇಬಿಟ್ಟಳು. ಅದಕ್ಕೇ ಹೇಳುವುದು, ಇಲ್ಲಿಗೆ ಬಂದರೆ ಮೂರು ನಾಲ್ಕು ದಿನವಾದರೂ ಉಳಿಯಿರಿ. ಒಂದೇ ದಿನಕ್ಕೆ ಬಂದು ಬರಿಗೈಲಿ ಹೋಗಬೇಡಿ. ಆಟದ ಶುಲ್ಕ 2024ರಲ್ಲಿ 320 ಪೌಂಡ್ ಇತ್ತು. ಕಡಿಮೆಯಲ್ಲ, ಅದಕ್ಕಾಗಿ ಒಂದು ವರ್ಷ ದುಡ್ಡು ಎತ್ತಿಟ್ಟಿದ್ದೆ. ಚೆಂಡು ಹೊಡೆಯುವ ಕೋಲುಗಳನ್ನು ಅಲ್ಲೇ ಬಾಡಿಗೆಗೆ ತೆಗೆದುಕೊಂಡೆ. ಕೋಲುಗಳ ಚೀಲ ಹೊತ್ತು ದಾರಿ ಹೇಳುವ ಕ್ಯಾಡಿಯನ್ನು ಮಾತ್ರ ಬಿಡಬೇಡಿ. ಇಲ್ಲಿ ನೂರಕ್ಕೂ ಹೆಚ್ಚು ಬಂಕರ್‌ಗಳಿವೆ, ಎಷ್ಟೋ ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲಿಂದ ಕಾಣುವುದೇ ಇಲ್ಲ.

ಮೊದಲ ಟೀ ಹಿಂದೆಯೇ ಹೆಸರಾಂತ ಗಾಲ್ಫ್ ಕ್ಲಬ್ ಆರ್ ಅಂಡ್ ಎಯ ಕ್ಲಬ್‌ಹೌಸ್. ಪಕ್ಕದಲ್ಲಿ ಜನ ನಿಂತು ನೋಡುತ್ತಿರುತ್ತಾರೆ. ಕೈ ನಡುಗಿತು. ಆದರೆ ಎದುರಿಗಿರುವುದು 1 ಮತ್ತು 18ರ ಫೇರ್‌ವೇ ಎರಡೂ ಸೇರಿದ ಬಯಲು. ಚೆಂಡು ಎಡಕ್ಕೆ ಹೋಗಿಯೂ ಹುಲ್ಲಿನ ಮೇಲೇ ಬಿತ್ತು. ನೆಲ ಗಟ್ಟಿ, ಗಾಳಿ ಜೋರು. ಚೆಂಡನ್ನು ಎತ್ತರಕ್ಕೆ ಹೊಡೆಯುವ ನನ್ನ ಅಭ್ಯಾಸ ಇಲ್ಲಿ ನಡೆಯಲಿಲ್ಲ. ಗ್ರೀನ್‌ಗಿಂತ 30 ಗಜ ದೂರದಿಂದಲೇ ಪಟ್ಟರ್ ಅನ್ನುವ, ಚೆಂಡನ್ನು ನೆಲದ ಮೇಲೆ ತಳ್ಳುವ ಕೋಲಿನಿಂದ ಉರುಳಿಸು ಅಂದರು ಕ್ಯಾಡಿ. ಎರಡು ಸಲ ನಂಬಲಿಲ್ಲ, ಎರಡು ಸಲವೂ ಕೆಟ್ಟಿತು. ಆಮೇಲೆ ಅವರು ಹೇಳಿದಂತೆಯೇ ಆಡಿದೆ.

14ನೆಯ ಹೋಲ್‌ನಲ್ಲಿ ಹೆಲ್ ಬಂಕರ್ ಇದೆ. 1995ರ ಓಪನ್ ಅನ್ನುವ ದೊಡ್ಡ ಗಾಲ್ಫ್ ಪಂದ್ಯಾವಳಿಯಲ್ಲಿ ಅಮೆರಿಕದ ಹೆಸರಾಂತ ಆಟಗಾರ ಜ್ಯಾಕ್ ನಿಕ್ಲಾಸ್ ಅದರಿಂದ ಹೊರಬರಲು ನಾಲ್ಕು ಹೊಡೆತ ತೆಗೆದುಕೊಂಡು, ಆ ಒಂದು ಹೋಲ್‌ಗೇ 10 ಹೊಡೆತ ಬರೆಸಿಕೊಂಡಿದ್ದರು. ನಾನು ಎಡಕ್ಕೆ, 5ನೆಯ ಹೋಲ್‌ನ ಫೇರ್‌ವೇಗೆ ಹೊಡೆದು ಸುತ್ತಿಕೊಂಡು ಹೋದೆ. 17, ಅಂದರೆ ರೋಡ್ ಹೋಲ್, ಇನ್ನೂ ಕಠಿಣ. ಗ್ರೀನ್ ಆಚೆ ಟಾರು ರಸ್ತೆ, ಈಚೆ ಆಳದ ಬಂಕರ್. 1978ರ ಓಪನ್‌ನಲ್ಲಿ ಜಪಾನಿನ ಆಟಗಾರ ನಕಜಿಮಾ ಗ್ರೀನ್ ಮೇಲಿಂದ ಹೊಡೆದ ಪಟ್ ಆ ಬಂಕರ್‌ಗೇ ಉರುಳಿ, 9 ಹೊಡೆತಕ್ಕೆ ಮುಗಿಸಿದ್ದರು. ಕ್ಯಾಡಿ ನನ್ನನ್ನು ಬಾವುಟದ ಕಡೆ ನೋಡಲೂ ಬಿಡಲಿಲ್ಲ. "ಬಲಕ್ಕೆ, ಬಲಕ್ಕೆ" ಎಂದೇ ತೋರಿಸಿದರು. 6ಕ್ಕೆ ಮುಗಿಯಿತು, ಅದು ನನಗೆ ಗೆಲುವೇ.

ಆಮೇಲೆ ಸ್ವಿಲ್ಕನ್ ಸೇತುವೆ. ಭಾನುವಾರ ಅಮ್ಮನ ಕೈ ಹಿಡಿದು ದಾಟಿಸಿದ್ದ ಅದೇ ಪುಟ್ಟ ಕಲ್ಲಿನ ಸೇತುವೆ. ಫೋಟೋಗಳಲ್ಲಿ ಎಷ್ಟು ಸಲ ನೋಡಿದ್ದೆನೋ. ಆದರೆ ಅವತ್ತು ಹತ್ತಿದಾಗ ನೆನಪಾಗಿದ್ದು ಯಾವ ಚಾಂಪಿಯನ್ನೂ ಅಲ್ಲ, ಇಲ್ಲಿ ಕಾಲಿಡುವಾಗ ಅಮ್ಮ ಚಪ್ಪಲಿ ಕಳಚಲು ಹೋಗಿದ್ದು.

18ರ ಗ್ರೀನ್ ಪಕ್ಕದಲ್ಲೇ ರಸ್ತೆ, ಬೇಲಿ. ಅಲ್ಲಿ ಯಾರು ಬೇಕಾದರೂ ನಿಲ್ಲಬಹುದು. ಮೂವರೂ ನಿಂತಿದ್ದರು. ಮಗಳು ಎರಡೂ ಕೈ ಬೀಸುತ್ತಿದ್ದಳು. ನನ್ನ ಚೆಂಡು ಗ್ರೀನ್ ಮುಂದಿನ ತಗ್ಗಿನಲ್ಲಿ, ವ್ಯಾಲಿ ಆಫ್ ಸಿನ್‌ನಲ್ಲಿ ನಿಂತಿತ್ತು. ಪಟ್ಟರ್ ಹಿಡಿದು ಏರು ಹತ್ತಿಸಿದೆ, ಇನ್ನೆರಡು ಪಟ್‌ನಲ್ಲಿ ಮುಗಿಯಿತು. ಒಟ್ಟು 97 ಹೊಡೆತ. ಬೇಲಿಯ ಹತ್ತಿರ ಬಂದಾಗ ಮಗಳು ಚೆಂಡಿಗೆ ಕೈ ಚಾಚಿದಳು.

ಕೋರ್ಸ್ ಪಕ್ಕದಲ್ಲೇ ಹಿಮಾಲಯಾಸ್ ಅಂತ ಒಂದು ಪಟಿಂಗ್ ಮೈದಾನವಿದೆ. ಹೆಂಗಸರಿಗಾಗಿ 1867ರಲ್ಲಿ ಶುರುವಾದ ಕ್ಲಬ್ಬಿನದ್ದು. ಕೆಲವೇ ಪೌಂಡ್ ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಡ್ರಾ ಸಿಗದ ಮಂಗಳವಾರ ನಾವು ನಾಲ್ವರೂ ಅಲ್ಲೇ ಆಡಿದ್ದೆವು. ಗುರುವಾರ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಗಳು ಆ ಚೆಂಡು ತೆಗೆದುಕೊಂಡು, "ಅಜ್ಜಿ, ಇವತ್ತು ನೀವೇ ಮೊದಲು" ಅಂತ ಪಟ್ಟರ್ ಅಮ್ಮನ ಕೈಗೆ ಕೊಟ್ಟಳು.