ಗಾಳಿಯ ನಕ್ಷೆಯ ಮೇಲೆ ನೀರಿನ ತಾಪಮಾನದ ನಕ್ಷೆ ಇಟ್ಟು ನೋಡಿದೆ

ಗಾಳಿ ಜೋರಾದರೆ ಆಳದ ತಣ್ಣೀರು ಮೇಲೆ ಬಂದು ಕಡಲು ತಂಪಾಗುತ್ತದೆ. ಇದು ಬಹಳ ಜನರಿಗೆ ಗೊತ್ತು. ಆದರೆ ನೀರು ಕೂಡ ಗಾಳಿಯನ್ನು ಬದಲಿಸುತ್ತದೆ. ಅದು ಕಣ್ಣಿಗೆ ಕಾಣಬೇಕಾದರೆ ಸ್ವಲ್ಪ ಕೆಲಸ ಇದೆ.

ನಾನು ತೆಗೆದುಕೊಂಡಿದ್ದು ಕ್ವಿಕ್‌ಸ್ಕ್ಯಾಟ್ ಉಪಗ್ರಹದ ಅಂಕಿಅಂಶ. 1999ರಿಂದ 2009ರವರೆಗೆ ಅದು ಕಡಲ ಮೇಲಿನ ಗಾಳಿಯನ್ನು ಅಳೆಯಿತು. ಒಂದೇ ದಿನದ ನಕ್ಷೆಯಲ್ಲಿ ಬಂದುಹೋಗುವ ಮೋಡ-ಮಳೆಯ ಗದ್ದಲ ಜಾಸ್ತಿ, ಹಾಗಾಗಿ ತಿಂಗಳ ಸರಾಸರಿ ಮಾಡಿದೆ. ಆಮೇಲೆ ಸಾವಿರಾರು ಕಿಲೋಮೀಟರ್ ಹರಡಿದ ಏರಿಳಿತಗಳನ್ನು ಕಳೆದು, ಸಣ್ಣ ಸುಳಿಗಳನ್ನೂ ತಣ್ಣೀರಿನ ಪಟ್ಟಿಗಳನ್ನೂ ಮಾತ್ರ ಉಳಿಸಿಕೊಂಡೆ. ನೀರಿನ ತಾಪಮಾನದ ನಕ್ಷೆಗೂ ಅದೇ ಜರಡಿ ಹಿಡಿದೆ. ಈ ಹಂತ ಬಿಡಲೇಬಾರದು. ಯಾಕೆಂದರೆ ವಿಶಾಲವಾಗಿ ನೋಡಿದರೆ ಗಾಳಿ ಜೋರಿರುವ ಕಡೆ ನೀರು ತಂಪು. ಹತ್ತಿರದಿಂದ ನೋಡಿದರೆ ಬೆಚ್ಚಗಿನ ನೀರಿನ ಮೇಲೆಯೇ ಗಾಳಿ ಜೋರು!

ಸೊಮಾಲಿಯಾ ಕರಾವಳಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನೈರುತ್ಯ ಮುಂಗಾರಿನ ಗಾಳಿ ಅಲ್ಲಿ ಆಳದ ತಣ್ಣೀರನ್ನು ಮೇಲೆಳೆಯುತ್ತದೆ. ಆ ತಣ್ಣನೆಯ ಪಟ್ಟಿಯ ಮೇಲೆ ಬಂದಾಗ ಅದೇ ಗಾಳಿ ಕುಗ್ಗುತ್ತದೆ, ಬೆಚ್ಚಗಿನ ನೀರು ಸಿಕ್ಕಿದ ಮೇಲೆ ಮತ್ತೆ ಚುರುಕಾಗುತ್ತದೆ. ತಣ್ಣೀರಿನ ಮೇಲೆ ಕೆಳಗಿನ ಗಾಳಿ ತಂಪಾಗಿ, ಭಾರವಾಗಿ ಅಲ್ಲೇ ಕೂರುತ್ತದೆ. ಎತ್ತರದ ವೇಗದ ಗಾಳಿ ಅದರೊಳಗೆ ಇಳಿಯುವುದಿಲ್ಲ. ನೀರು ಬೆಚ್ಚಗಿದ್ದರೆ ಎರಡೂ ಕಲಸಿಕೊಂಡು ಮೇಲಿನ ವೇಗ ಕೆಳಕ್ಕೂ ಬರುತ್ತದೆ. ಪೂರ್ವ ಪೆಸಿಫಿಕ್‌ನ ಸಮಭಾಜಕದ ಬಳಿಯ ಗಾಳಿಗೆ ಹವಾಮಾನ ವಿಜ್ಞಾನಿ ವಾಲೇಸ್ ಮತ್ತು ಸಂಗಡಿಗರು 1989ರಲ್ಲೇ ಈ ಕಾರಣ ಕೊಟ್ಟಿದ್ದರು. ಗಾಳಿಯ ಒತ್ತಡದ ವ್ಯತ್ಯಾಸಕ್ಕೂ ಇದರಲ್ಲಿ ಪಾಲಿದೆ, ಆದರೆ ಕಿರಿದಾದ ಕರಾವಳಿ ಪಟ್ಟಿಯಲ್ಲಿ ನಾನು ಹೆಚ್ಚು ನಂಬುವುದು ಈ ಕಲಸುವಿಕೆಯನ್ನೇ.

ಒಂದು ಎಚ್ಚರಿಕೆ. ಉಪಗ್ರಹ ನೇರವಾಗಿ ಗಾಳಿಯನ್ನು ನೋಡುವುದಿಲ್ಲ, ರೇಡಾರ್ ಸಂಕೇತ ಕಳಿಸಿ, ಅದರ ಪ್ರತಿಧ್ವನಿಯಿಂದ ನೀರಿನ ಮೇಲಿನ ಸಣ್ಣ ಅಲೆಗಳ ಒರಟುತನವನ್ನು ಅಳೆಯುತ್ತದೆ. ಅದನ್ನು ವೇಗಕ್ಕೆ ತಿರುಗಿಸುವ ಲೆಕ್ಕ ಬೆಚ್ಚಗಿನ ನೀರಿನ ಮೇಲೆ ಸ್ವಲ್ಪ ಹೆಚ್ಚು ತೋರಿಸುತ್ತದೆ. ಅದಕ್ಕೇ ಕಡಲಲ್ಲಿ ತೇಲುವ ಮಾಪಕಗಳ ಅಳತೆಯನ್ನೂ ಪಕ್ಕದಲ್ಲಿಟ್ಟು ನೋಡಿದೆ. ಬೆಚ್ಚಗಿನ ನೀರಿನ ಮೇಲಿನ ಗಾಳಿಗೂ ತಣ್ಣೀರಿನ ಮೇಲಿನ ಗಾಳಿಗೂ ಇರುವ ವ್ಯತ್ಯಾಸ ಕಡಿಮೆಯಾಯಿತು, ಆದರೆ ಅಳಿಯಲಿಲ್ಲ. ದಡಕ್ಕೆ ತೀರಾ ಹತ್ತಿರ ನೆಲದ ಪ್ರತಿಧ್ವನಿ ಸೇರಿಕೊಂಡು ಉಪಗ್ರಹದ ಗಾಳಿ ಕೆಡುತ್ತದೆ. ಅಲ್ಲಿ ಈ ಮಾಪಕಗಳೇ ಗತಿ.

ಈಗ ಕರಾವಳಿಯ ಮುನ್ಸೂಚನೆ ನೋಡುವಾಗ ಮೊದಲು ಗಾಳಿಯ ತಾಪಮಾನದಿಂದ ನೀರಿನ ತಾಪಮಾನ ಕಳೆಯುತ್ತೇನೆ. ಗಾಳಿ ಬೆಚ್ಚಗೆ, ತೇವವಾಗಿದ್ದು ನೀರು ತಣ್ಣಗಿದ್ದರೆ ಮಂಜು ಕವಿಯಬಹುದು, ಮೇಲ್ಮೈ ಗಾಳಿ ಮಂದ. ನೀರೇ ಬೆಚ್ಚಗಿದ್ದರೆ ಬಿಟ್ಟು ಬಿಟ್ಟು ಬೀಸುವ ಜೋರು ಗಾಳಿಯನ್ನು ನಿರೀಕ್ಷಿಸುತ್ತೇನೆ.