ಮರದ ನೆಲ ಹಾಕಿಸುವ ಮುಂಚೆ ಹಲಗೆಯ ಅಂಚು ನೋಡಿ

ಹೊಸದಾಗಿ ಮರದ ನೆಲ ಹಾಕಿದ ಕೋಣೆಗೆ ಕಾಲಿಟ್ಟರೆ ಮೂಗಿಗೊಂದು ವಾಸನೆ ಬಡಿಯುತ್ತದೆ. ‘ಮರದ ಘಮ’ ಅಂತ ಖುಷಿಪಡುತ್ತೇವೆ. ಅದರಲ್ಲಿ ಮರದ್ದೆಷ್ಟೋ, ಅಂಟು ಮತ್ತು ವಾರ್ನಿಶಿನದ್ದೆಷ್ಟೋ! ಬಣ್ಣ ಆರಿಸಲು ವಾರಗಟ್ಟಲೆ ಅಲೆಯುತ್ತೇವೆ, ಹಲಗೆಯೊಳಗೆ ಏನಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು, ಒಂದು ತುಂಡು ಕೇಳಿ

ಅಂಗಡಿಯಲ್ಲಿ ಕತ್ತರಿಸಿದ ತುಂಡೊಂದನ್ನು ಕೇಳಿ ಪಡೆದು ಅಂಚಿನ ಕಡೆಯಿಂದ ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಮರವಿದ್ದು, ಅದರ ಎಳೆ ಕಾಣುತ್ತಿದ್ದರೆ ಅದು ಗಟ್ಟಿ ಮರ. ಮೇಲೆ ತೆಳುವಾದ ಮರ, ಕೆಳಗೆ ಪ್ಲೈವುಡ್ ಪದರಗಳಿದ್ದರೆ ಎಂಜಿನಿಯರ್ಡ್ ವುಡ್. ಮೇಲೆ ಮರದ ಚಿತ್ರವಿರುವ ಕಾಗದ, ಒಳಗೆ ಒತ್ತಿ ಕೂರಿಸಿದ ಕಂದು ಪುಡಿಯಂತೆ ಕಂಡರೆ ಲ್ಯಾಮಿನೇಟ್. ಆ ಕಂದು ಭಾಗವೇ ಎಚ್‌ಡಿಎಫ್, ಅಂದರೆ ಮರದ ನಾರನ್ನು ಅಂಟಿನ ಜೊತೆ ಬಿಸಿಯಲ್ಲಿ ಒತ್ತಿ ಮಾಡಿದ್ದು.

ತಕರಾರು ಇರುವುದು ಈ ಅಂಟಿನಲ್ಲೇ. ಹೆಚ್ಚಾಗಿ ಬಳಸುವುದು ಯೂರಿಯಾ-ಫಾರ್ಮಾಲ್ಡಿಹೈಡ್. ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೆಲ್ಲಗೆ ಹೊರಬರುತ್ತಲೇ ಇರುತ್ತದೆ. ಸೆಕೆ, ತೇವ ಜಾಸ್ತಿಯಾದಷ್ಟೂ ಅದೂ ಜಾಸ್ತಿ. ಕಣ್ಣುರಿ, ಗಂಟಲು ಕೆರೆತ ತಕ್ಷಣ ಕಾಣುವ ಲಕ್ಷಣಗಳು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಯಲ್ಲಿ 30 ನಿಮಿಷದ ಸರಾಸರಿ ಘನ ಮೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಹಾಗಂತ ಹೆದರಿ ಮರದ ನೆಲವೇ ಬೇಡ ಅನ್ನಬೇಕಿಲ್ಲ. ಪೆಟ್ಟಿಗೆ ತಿರುಗಿಸಿ ನೋಡಿ. ಯುರೋಪಿನ ‘ಇ1’ ದರ್ಜೆ, ಅಮೆರಿಕದ ‘ಕಾರ್ಬ್ ಫೇಸ್ 2’ ಅಥವಾ ‘ಟಿಎಸ್‌ಸಿಎ ಟೈಟಲ್ 6’, ಅಂದರೆ ಹೊರಬರುವ ಫಾರ್ಮಾಲ್ಡಿಹೈಡ್ ಮಿತಿಯೊಳಗಿದೆ ಎನ್ನುವ ಗುರುತುಗಳಲ್ಲಿ ಒಂದಾದರೂ ಇರಬೇಕು. ಸಾಧ್ಯವಾದರೆ ಪರೀಕ್ಷಾ ವರದಿಯನ್ನೂ ಕೇಳಿ. ‘ಇಕೋ ಫ್ರೆಂಡ್ಲಿ’ ಅಂತ ಹಸಿರು ಎಲೆಯ ಚಿತ್ರ ಹಾಕಿದ್ದರೆ ಅದಕ್ಕೆ ಸುಮ್ನೆ ಮರುಳಾಗಬೇಡಿ. ಎಲೆ ಯಾರು ಬೇಕಾದರೂ ಬರೆಯಬಹುದು, ಅಲ್ವಾ?

ಆಮೇಲೆ, ಹಲಗೆಯ ಕೆಳಗೆ

ಹಳೆಯ ಕಟ್ಟಡವಾದರೆ ಹಳೆ ನೆಲ ಕೀಳುವ ಮುಂಚೆ ಸ್ವಲ್ಪ ನಿಲ್ಲಿ. 1980ರ ದಶಕದವರೆಗಿನ ವಿನೈಲ್ ಟೈಲ್‌ಗಳಲ್ಲೂ ಅವುಗಳ ಕೆಳಗಿನ ಕಪ್ಪು ಅಂಟಿನಲ್ಲೂ ಕಲ್ನಾರು, ಅಂದರೆ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್, ಇರಬಹುದು. ಅನುಮಾನವಿದ್ದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವ ತನಕ ಒಡೆಯಬೇಡಿ, ಉಜ್ಜಬೇಡಿ.

ಸಿಮೆಂಟ್ ನೆಲದ ತೇವದ ವಿಷಯದಲ್ಲಿ ನಾನೇ ಪಾಠ ಕಲಿತವನು. ‘ಒಣಗಿದೆ ಸಾರ್’ ಅಂದ ಕೆಲಸದವರ ಮಾತು ನಂಬಿ ಹಲಗೆ ಹಾಕಿಸಿದೆ. ಕೆಲವು ತಿಂಗಳಲ್ಲಿ ಮೂಲೆಯಿಂದ ಮುಗ್ಗು ವಾಸನೆ. ಹಲಗೆ ಎತ್ತಿದರೆ ಕೆಳಗಿನ ಫೋಮಿನ ಮೇಲೆ ಇಲ್ಲಣ ಮೆತ್ತಿದಂತೆ ಕಪ್ಪು ಚುಕ್ಕೆಗಳು. ಬೂಷ್ಟು! ಒದ್ದೆಯಾದ ಜಾಗದಲ್ಲಿ ಅದು ಬೆಳೆಯಲು ಒಂದೆರಡು ದಿನ ಸಾಕು. ಅದರ ಕಣಗಳು ಅಲರ್ಜಿ, ಆಸ್ತಮಾ ಇರುವವರನ್ನು ಚೆನ್ನಾಗಿ ಗೋಳು ಹೊಯ್ದುಕೊಳ್ಳುತ್ತವೆ.

ಪರೀಕ್ಷೆ ಸುಲಭ. ಸುಮಾರು 45 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಕನಿಷ್ಠ 16 ಗಂಟೆ ಬಿಟ್ಟು ಎತ್ತಿ ನೋಡಿ. ಹಾಳೆಯ ಒಳಬದಿಗೆ ನೀರಹನಿ ಕಟ್ಟಿದ್ದರೆ, ಅಥವಾ ಕೆಳಗಿನ ಸಿಮೆಂಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಹೊಸ ಕಾಂಕ್ರೀಟ್ ಒಣಗಲು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎನ್ನುವುದು ಅಂದಾಜು ಲೆಕ್ಕ. ಹನಿ ಕಟ್ಟಲಿಲ್ಲ ಅಂದ ಮಾತ್ರಕ್ಕೆ ಪೂರ್ತಿ ಒಣಗಿದೆ ಅಂತಲೂ ಅಲ್ಲ, ತೇವ ಅಳೆಯುವ ಮೀಟರ್ ಹಿಡಿದು ನೋಡಿದರೆ ವಾಸಿ.

ಅಂಟು, ಪಾಲಿಶ್, ಧೂಳು

ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಹಲಗೆಗಳಿಗೆ ನೆಲದ ತುಂಬ ಅಂಟು ಬಳಿಯುವ ಕೆಲಸವಿಲ್ಲ. ನನ್ನ ಓಟು ಅದಕ್ಕೇ. ಅಂಟು ಬೇಕೇ ಬೇಕೆಂದರೆ ದ್ರಾವಕ (ಸಾಲ್ವೆಂಟ್) ಕಡಿಮೆ ಇರುವುದನ್ನು ಕೇಳಿ. ಫ್ಯಾಕ್ಟರಿಯಲ್ಲೇ ಪಾಲಿಶ್ ಆಗಿ ಬಂದ ಹಲಗೆಯಾದರೆ ಮನೆಯಲ್ಲಿ ವಾರ್ನಿಶ್ ವಾಸನೆ ಕುಡಿಯುವುದು ತಪ್ಪುತ್ತದೆ. ಮನೆಯಲ್ಲೇ ಹಚ್ಚುವುದಾದರೆ ‘ವಾಟರ್ ಬೇಸ್ಡ್’ ಪಾಲಿಶ್ ಮೇಲು. ಆಸಿಡ್ ಬೆರೆಸಿ ಗಟ್ಟಿಯಾಗಿಸುವ ಲ್ಯಾಕರ್ ಬೇಡ, ಅದೂ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಗಾಳಿಗೆ ಸಂಬಂಧವಿಲ್ಲದಿದ್ದರೂ ಇದೊಂದು ಹೇಳಲೇಬೇಕು: ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಮರದ ಧೂಳೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಕತ್ತರಿಸುವ ಕೆಲಸ ಮನೆಯ ಹೊರಗೇ ಆಗಲಿ. ಉಜ್ಜುವ ಯಂತ್ರಕ್ಕೆ ವ್ಯಾಕ್ಯೂಮ್ ಜೋಡಿಸಲಿ, ಕೆಲಸದವರು ಎನ್95 ಮಾಸ್ಕ್ ಹಾಕಲಿ. ಪೊರಕೆ ಹಿಡಿದರೆ ಕೆಳಗೆ ಕೂತ ಧೂಳೆಲ್ಲ ಮತ್ತೆ ಮೇಲೇಳುತ್ತದೆ.

ಕೊನೆಗೆ, ಗಾಳಿಯಾಡಲಿ

ಎದುರುಬದುರಿನ ಕಿಟಕಿ ತೆರೆದು, ಒಂದರಲ್ಲಿ ಫ್ಯಾನನ್ನು ಹೊರಮುಖವಾಗಿ ಇಡಿ. ಒಳಗಿನ ಗಾಳಿ ಹೊರಗೆ ಹೋಗಬೇಕು. ಮೊದಲ ಕೆಲವು ದಿನ ಆ ಕೋಣೆಯಲ್ಲಿ ಮಲಗಬೇಡಿ. ಪುಟ್ಟ ಮಕ್ಕಳು, ಗರ್ಭಿಣಿಯರು, ಆಸ್ತಮಾ ಇರುವವರಂತೂ ಬೇಡವೇ ಬೇಡ.

ರೂಮ್ ಫ್ರೆಶ್ನರ್ ಹೊಡೆದರೆ ವಾಸನೆ ಮುಚ್ಚುತ್ತದೆ, ಅನಿಲ ಅಲ್ಲೇ ಇರುತ್ತದೆ. ಓಝೋನ್ ಬಿಡುವ ಯಂತ್ರವನ್ನಂತೂ ಮುಟ್ಟಬೇಡಿ. ಮರದಿಂದ, ನಿಂಬೆ ವಾಸನೆಯ ಕ್ಲೀನರ್‌ನಿಂದ ಬರುವ ಆವಿಯ ಜೊತೆ ಓಝೋನ್ ಸೇರಿದರೆ ಹೊಸದಾಗಿ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಹೆಪಾ ಫಿಲ್ಟರ್ ಧೂಳು ಹಿಡಿಯುತ್ತದೆ, ಅನಿಲವನ್ನಲ್ಲ. ಇನ್ನು ಫಾರ್ಮಾಲ್ಡಿಹೈಡ್ ಅಳೆಯಲು ಕೈಯಲ್ಲಿ ಹಿಡಿಯುವ ಅಗ್ಗದ ಮೀಟರ್‌ಗಳು ಪಕ್ಕದಲ್ಲಿ ಯಾರೋ ಸ್ಯಾನಿಟೈಸರ್ ಹಚ್ಚಿಕೊಂಡರೂ ಕೆಂಪು ದೀಪ ತೋರಿಸಿಬಿಡುತ್ತವೆ.

ವಾರಗಳು ಕಳೆದರೂ ಮುಗ್ಗು ವಾಸನೆ ಹೋಗದಿದ್ದರೆ ಗೋಡೆಯಂಚಿನ ಸ್ಕರ್ಟಿಂಗ್ ಪಟ್ಟಿ ಒಂದನ್ನು ಬಿಚ್ಚಿ, ಟಾರ್ಚ್ ಹಾಕಿ ಒಳಗೆ ನೋಡಿ.